ಡಿಗ್ರಿ ಪೇಪರೋ, ಎಂ.ಎ. ಪೇಪರೋ? ನಂಬರೇ ಹೇಳುತ್ತೆ!

ಮೂರು ವರ್ಷ ಓದಿದರೆ ಡಿಗ್ರಿ, ಮೇಲೆರಡು ವರ್ಷ ಓದಿದರೆ ಎಂ.ಎ. ಗಲ್ಲಾದ ಮುಂದೆ ಕೂತ ಅಪ್ಪನಿಗೂ ಈ ಲೆಕ್ಕ ಬಾಯಿಪಾಠ. 2021ರಲ್ಲಿ ರಾಜ್ಯಕ್ಕೆ ನಾಲ್ಕು ವರ್ಷದ ಆನರ್ಸ್ ಬಂತು ನೋಡಿ, ಲೆಕ್ಕ ತಪ್ಪಿತು. ನಾಲ್ಕನೇ ವರ್ಷ ಓದಿದ ಹುಡುಗ ಡಿಗ್ರಿಯವನೋ, ಎಂ.ಎ.ಯವನೋ?

ಡಿಗ್ರಿಯವನೇ. ಯುಜಿಸಿ 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನಲ್ಲಿ, ಸಿಟಿ ಬಸ್ಸಿಗಿದ್ದ ಹಾಗೆ, ಪೇಪರಿಗೂ ನಂಬರ್ ಇದೆ. 100ರ ಸಾಲು ಬುನಾದಿ. 200, 300 ಅದರ ಮೇಲಿನ ಮೆಟ್ಟಿಲು. 400ರ ಸಾಲು ನಾಲ್ಕನೇ ವರ್ಷದ್ದು. ಡಿಗ್ರಿಯ ಗಡಿ ಅಲ್ಲಿಗೆ ಮುಗೀತು. 500, 600 ಎಂ.ಎ.ಗೆ, 700ರಿಂದಾಚೆ ಪಿಎಚ್.ಡಿ.ಗೆ. ವಿಷಯದ ಹೆಸರು ಒಂದೇ ಇದ್ದೀತು, ಆಳ ಬೇರೆ. ಕೆಳಗೆ ಮೇಷ್ಟ್ರು ಹೇಳಿದ್ದನ್ನು ಕಲಿತರೆ ನಡೆಯುತ್ತೆ. ಮೇಲೆ ಹೋದಂತೆ ಹುಡುಗನೇ ಹುಡುಕಿ ಬರೀಬೇಕು.

ಇನ್ನು ಕಾಸಿನ ಮಾತು. ಮೂರು ವರ್ಷಕ್ಕೆ 120 ಕ್ರೆಡಿಟ್, ನಾಲ್ಕಕ್ಕೆ 160. ಆನರ್ಸ್ ಮುಗಿಸಿದವನಿಗೆ ಎಂ.ಎ. ಒಂದೇ ವರ್ಷ ಸಾಕು, ಮೂರಕ್ಕೇ ನಿಂತವನಿಗೆ ಎರಡು ಅನ್ನುತ್ತೆ ಯುಜಿಸಿ. ಕೂಡಿದರೆ ಇಬ್ಬರಿಗೂ ಐದೇ! ಆದರೆ 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೇ ಮರಳಿತು. ಅದಕ್ಕೆ ಮುಂಚೆ ಸೇರಿದ್ದವರಿಗೆ ನಾಲ್ಕನೇ ವರ್ಷ ಬೇಕಾದರೆ ಓದಬಹುದು ಅಂತಾಯ್ತು.

ಹಾಗೆ ಓದಿದವನು ಹೋಗೋ ವಿ.ವಿ.ಯಲ್ಲಿ ಒಂದು ವರ್ಷದ ಎಂ.ಎ. ಇಲ್ಲದಿದ್ದರೆ? ಮತ್ತೆರಡು ವರ್ಷ. ಒಟ್ಟು ಆರು. ಹಾಸ್ಟೆಲು, ಊಟ, ಬಸ್ ಪಾಸು ಎಲ್ಲ ಅಪ್ಪನ ತಲೆ ಮೇಲೆ. ಫೀ ಕಟ್ಟೋ ಮುಂಚೆ ಕೌಂಟರಿನಲ್ಲಿ ಕೇಳಬೇಕಾದ್ದು ಇದನ್ನೇ.