ಸಂಖ್ಯೆಗೂ ಒಂದು ಎತ್ತರ!



ಮುಂಬೈಯ ದಾದರ್ ಇರಲಿ, ಚೆನ್ನೈನ ಮೈಲಾಪುರ ಇರಲಿ, "ಅರ್ಧ ಕಿಲೋ ಟೊಮೇಟೊ ಕೊಡಿ" ಎಂದರೆ ಅಂಗಡಿಯವರು ಮರುಮಾತಿಲ್ಲದೆ ತೂಗಿ ಕೊಡುತ್ತಾರೆ. ಅದೇ "ಒಂದು ಕಿಲೋವನ್ನು 1001 ಪಾಲು ಮಾಡಿ, 500 ಪಾಲು ಕೊಡಿ" ಎಂದು ಕೇಳಿ ನೋಡಿ! ನಿಮ್ಮನ್ನೇ ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ತೂಕದಲ್ಲಿ ಅರ್ಧ ಗ್ರಾಂನಷ್ಟೂ ವ್ಯತ್ಯಾಸವಿಲ್ಲ. ಆದರೆ ಹೇಳುವ ಕಷ್ಟದಲ್ಲಿ ಅಜಗಜಾಂತರ.

ಈ ಕಷ್ಟವನ್ನು ಅಳೆಯುವುದಕ್ಕೆ ಗಣಿತಜ್ಞರು ಇಟ್ಟ ಹೆಸರು 'ಎತ್ತರ'. ಭಿನ್ನರಾಶಿಯನ್ನು ಸಂಕ್ಷೇಪಿಸಿ ಬರೆಯಿರಿ. ಮೇಲಿನ ಮತ್ತು ಕೆಳಗಿನ ಸಂಖ್ಯೆಗಳಲ್ಲಿ ಯಾವುದು ದೊಡ್ಡದೋ ಅದೇ ಎತ್ತರ. 1/2ರ ಎತ್ತರ 2, 500/1001ರ ಎತ್ತರ 1001.

ಇದರಿಂದ ಏನು ಪ್ರಯೋಜನ ಎನ್ನುತ್ತೀರಾ? 0 ಮತ್ತು 1ರ ನಡುವೆ ಭಿನ್ನರಾಶಿಗಳು ಅನಂತ. ಆದರೆ ಎತ್ತರ 10ನ್ನು ಮೀರದವು ಬರೀ 31! ಅನಂತವನ್ನು ಎಣಿಕೆಗೆ ತರುವ ಈ ಗುಣವೇ ಎತ್ತರದ ಬಲ. 1983ರಲ್ಲಿ ಗರ್ಡ್ ಫಾಲ್ಟಿಂಗ್ಸ್ ಅವರು ಪ್ರಸಿದ್ಧ ಮೊರ್ಡೆಲ್ ಊಹೆಯನ್ನು ಸಾಧಿಸಿದ್ದೂ ಎತ್ತರಗಳ ನೆರವಿನಿಂದಲೇ.

ಇನ್ನು 2ರ ವರ್ಗಮೂಲದಂಥ ಸಂಖ್ಯೆಗಳು. ಇವು ಭಿನ್ನರಾಶಿಗಳಲ್ಲ, ಪೂರ್ಣಾಂಕಗಳಿಂದ ಕಟ್ಟಿದ ಸಮೀಕರಣಗಳ ಉತ್ತರಗಳು. ಇವೇ ಬೀಜಗಣಿತೀಯ ಸಂಖ್ಯೆಗಳು. ಇವುಗಳನ್ನು ಅಳೆಯುವುದು ಹೀಗೆ: ಆ ಸಂಖ್ಯೆಯನ್ನು ಕೊಡುವ ಅತಿ ಸರಳ ಸಮೀಕರಣದ ಎಲ್ಲ ಉತ್ತರಗಳನ್ನೂ ಹುಡುಕಿ. ಸೊನ್ನೆಯಿಂದ 1ಕ್ಕಿಂತ ಹೆಚ್ಚು ದೂರವಿರುವ ಉತ್ತರಗಳ ದೂರಗಳನ್ನು ಒಂದಕ್ಕೊಂದು ಗುಣಿಸಿ. ಅದನ್ನು ಸಮೀಕರಣದ ಮೊದಲ ಅಂಕಿಯಿಂದಲೂ ಗುಣಿಸಿ. ಇದು ಮಾಹ್ಲರ್ ಅಳತೆ. ಇದರ ಲಾಗರಿದಮ್ ತೆಗೆದು, ಸಮೀಕರಣದ ಘಾತದಿಂದ ಭಾಗಿಸಿದರೆ ಪುಸ್ತಕಗಳಲ್ಲಿ ಹೇಳುವ 'ಎತ್ತರ' ಸಿಗುತ್ತದೆ. 2ರ ವರ್ಗಮೂಲದ ಅಳತೆ 2, ಸುವರ್ಣ ಅನುಪಾತದ್ದು ಸುಮಾರು 1.618. ಭಿನ್ನರಾಶಿಗೆ ಇದೇ ಲೆಕ್ಕ ಹಾಕಿದರೆ ನಮ್ಮ ಹಳೆಯ ಉತ್ತರವೇ ಬರುತ್ತದೆ.

ಈ ಅಳತೆ ಎಂದೂ 1ಕ್ಕಿಂತ ಕಡಿಮೆಯಾಗದು. ಸರಿಯಾಗಿ 1 ಆಗುವುದು ಸೊನ್ನೆಗೆ ಮತ್ತು ತನ್ನನ್ನೇ ಗುಣಿಸುತ್ತಾ ಹೋದರೆ ಎಂದಾದರೂ 1 ಆಗುವ ಸಂಖ್ಯೆಗಳಿಗೆ ಮಾತ್ರ. ಇದು 1857ರಲ್ಲಿ ಕ್ರೋನೆಕರ್ ತೋರಿಸಿಕೊಟ್ಟ ಮಾತು. ಹಾಗಾದರೆ 1ರ ನಂತರದ ಮೆಟ್ಟಿಲು ಎಷ್ಟು ಎತ್ತರದಲ್ಲಿದೆ? ಅಥವಾ ಮೆಟ್ಟಿಲೇ ಇಲ್ಲದೆ, 1ಕ್ಕೆ ಎಷ್ಟು ಬೇಕಾದರೂ ಹತ್ತಿರ ಹೋಗಬಹುದೇ?

ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುತ್ತಿದ್ದ ಅಮೆರಿಕದ ಡಿ. ಎಚ್. ಲೆಹ್ಮರ್ 1933ರಲ್ಲಿ ಕೇಳಿದ ಪ್ರಶ್ನೆ ಇದು. ಅವರಿಗೆ ಸಿಕ್ಕಿದ್ದು ಹತ್ತನೇ ಘಾತದ ಒಂದು ಸಮೀಕರಣ. ಅದರ ಅಂಕಿಗಳನ್ನು ಸಾಲಾಗಿ ಓದಿ: 1, 1, 0, -1, -1, -1, -1, -1, 0, 1, 1. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ನಮ್ಮ 'ವಿಕಟಕವಿ'ಯ ಹಾಗೆ! ಇದರ ಅಳತೆ ಸುಮಾರು 1.17628.

ಹೀಗೆ ತಿರುಗಿಸಿ ಓದಲಾಗದ ಸಮೀಕರಣಗಳ ಅಳತೆ 1ನ್ನು ದಾಟಿದರೆ ಸುಮಾರು 1.3247ಕ್ಕಿಂತ ಕಡಿಮೆ ಇರಲಾರದು ಎಂದು 1971ರಲ್ಲಿ ಕ್ರಿಸ್ ಸ್ಮಿತ್ ಸಾಧಿಸಿದರು. ಅಂದರೆ ಲೆಹ್ಮರ್ ದಾಖಲೆಯನ್ನು ಮುರಿಯುವ ಸಮೀಕರಣ ಇದ್ದರೆ, ಅದೂ ವಿಕಟಕವಿಯೇ ಆಗಿರಬೇಕು. ಕಂಪ್ಯೂಟರುಗಳು ಹುಡುಕಿದ್ದೇ ಹುಡುಕಿದ್ದು, ಇನ್ನೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಎಂದು ಸಾಧಿಸಿದವರೂ ಇಲ್ಲ. ತೊಂಬತ್ತು ವರ್ಷ ದಾಟಿದರೂ ಪ್ರಶ್ನೆ ಹಾಗೆಯೇ ಉಳಿದಿದೆ.

ಮನೆಯಲ್ಲಿ ಲೆಕ್ಕ ಇಷ್ಟಪಡುವ ಮಕ್ಕಳಿದ್ದರೆ ಆ ಹನ್ನೊಂದು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಗಣಿತವೆಲ್ಲ ಎಂದೋ ಮುಗಿದುಹೋಗಿದೆ ಎಂದುಕೊಂಡ ಮಗುವಿಗೆ, ಉತ್ತರವಿನ್ನೂ ಸಿಗದ ಪ್ರಶ್ನೆಯೊಂದು ಕೈಗೆ ಸಿಕ್ಕಂತಾಗುತ್ತದೆ.