ಸರ್ವರಿಗೂ ವಯಸ್ಸಾಗುತ್ತದೆ

“ಸರ್ವರ್ ಡೌನ್ ಉಂಟು ಮಾರಾಯ್ರೆ, ಸ್ವಲ್ಪ ಹೊತ್ತು ಕೂತ್ಕೊಳ್ಳಿ.”

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕೌಂಟರುಗಳ ಮುಂದೆ ನಿಂತವರಿಗೆ ಈ ಮಾತು ಹೊಸದಲ್ಲ. ಅಡಿಕೆಯ ಹಣ ಖಾತೆಗೆ ಬಂತೇ ಎಂದು ವಿಚಾರಿಸಲು ಬಂದ ಕೃಷಿಕರು, ಮಗಳ ಕಾಲೇಜು ಶುಲ್ಕಕ್ಕೆ ಹಣ ತೆಗೆಯಲು ಬಂದ ತಾಯಿ ಎಲ್ಲರೂ ಬೆಂಚಿನ ಮೇಲೆ ಕಾಯುತ್ತಾರೆ. ಆದರೆ ಈ ‘ಸರ್ವರ್’ ಎಲ್ಲಿದೆ, ಅದಕ್ಕೆ ಏನಾಗಿದೆ ಎಂದು ಕೇಳುವವರು ಕಡಿಮೆ.

ಸರ್ವರ್ ಎಂದರೆ ಬೇರೇನಲ್ಲ, ಹಲವು ಕಂಪ್ಯೂಟರುಗಳಿಗೆ ಲೆಕ್ಕವನ್ನು ಒದಗಿಸುವ ಒಂದು ಮುಖ್ಯ ಕಂಪ್ಯೂಟರ್. ಹಿಂದೆ ಕಪಾಟಿನಲ್ಲಿದ್ದ ಲೆಡ್ಜರ್ ಈಗ ಅದರ ಹಾರ್ಡ್ ಡಿಸ್ಕಿನಲ್ಲಿದೆ. ಸಣ್ಣ ಸಂಘ, ಅಂಗಡಿ, ಗೇರುಬೀಜ ಕಾರ್ಖಾನೆಗಳಲ್ಲಿ ಅದು ಮೇಜಿನ ಅಡಿಯಲ್ಲೋ ಮೂಲೆಯ ಕೋಣೆಯಲ್ಲೋ ಹಗಲಿರುಳು ದುಡಿಯುತ್ತಿರುತ್ತದೆ. ಕೆಲಸ ನಡೆಯುತ್ತಿರುವವರೆಗೆ ಅದರ ನೆನಪು ಯಾರಿಗೂ ಇರುವುದಿಲ್ಲ.

ವಯಸ್ಸಾಗುವುದು ಎರಡು ಬಗೆಯಲ್ಲಿ

ಮೊದಲನೆಯದು ಯಂತ್ರದ ಮುಪ್ಪು. ತಿರುಗುವ ಡಿಸ್ಕು, ಫ್ಯಾನು, ವಿದ್ಯುತ್ ಪೂರೈಸುವ ಭಾಗ ಸವೆಯುತ್ತವೆ. ಕರಾವಳಿಯ ತೇವ, ಏಪ್ರಿಲ್-ಮೇ ತಿಂಗಳ ಸಿಡಿಲು, ಪದೇ ಪದೇ ಹೋಗಿ ಬರುವ ಕರೆಂಟು ಇದನ್ನು ಇನ್ನಷ್ಟು ಬೇಗ ಮಾಡುತ್ತವೆ. ಎರಡನೆಯದು ತಂತ್ರಾಂಶದ ಮುಪ್ಪು. ಯಂತ್ರ ಗಟ್ಟಿಯಾಗಿದ್ದರೂ ತಯಾರಕರು ಬೆಂಬಲ ನಿಲ್ಲಿಸುತ್ತಾರೆ. ವಿಂಡೋಸ್ ಸರ್ವರ್ 2008ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿಯಲ್ಲಿ, 2012ರ ಆವೃತ್ತಿಗೆ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಆ ಮೇಲೆ ಪತ್ತೆಯಾದ ಭದ್ರತೆಯ ಬಿರುಕುಗಳಿಗೆ ಸಹಜವಾಗಿ ತೇಪೆ ಸಿಗುವುದಿಲ್ಲ. ಇಂಟರ್‌ನೆಟ್ಟಿಗೆ ಜೋಡಿಸಿದ ಅಂಥ ಯಂತ್ರ ಚಿಲಕವಿಲ್ಲದ ಬಾಗಿಲಿನಂತೆ.

ಹಾಳಾದರೆ ನಷ್ಟವಾಗುವುದು ಬರೀ ಯಂತ್ರವಲ್ಲ. ಯಂತ್ರವನ್ನು ಹೊಸದಾಗಿ ಕೊಳ್ಳಬಹುದು, ಲೆಕ್ಕವನ್ನು ಕೊಳ್ಳಲಾಗದು. ಬೆಳೆಸಾಲವನ್ನು ಅವಧಿಯೊಳಗೆ ತೀರಿಸಿದ ರೈತರಿಗೆ ಮಾತ್ರ ಶೂನ್ಯ ಬಡ್ಡಿಯ ಲಾಭ. ಕಟ್ಟಿದ ತಾರೀಕಿನ ದಾಖಲೆಯೇ ಅಳಿಸಿಹೋದರೆ?

ಮೂಡುಬಿದಿರೆ ಕಲಿಸಿದ ಪಾಠ

ಹಳೆಯದರಿಂದ ಹೊಸದಕ್ಕೆ ಬರಹವನ್ನು ದಾಟಿಸುವ ಕೆಲಸ ಈ ನಾಡಿಗೆ ಹೊಸದಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಳ, ಜಯಧವಳ, ಮಹಾಧವಳ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಭದ್ರವಾಗಿದ್ದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ. ಗರಿ ಜೀರ್ಣವಾಗುತ್ತಿತ್ತು, ಆ ಲಿಪಿ ಓದಬಲ್ಲವರೂ ವಿರಳವಾಗುತ್ತಿದ್ದರು. ಓದಬಲ್ಲವರು ಇರುವಾಗಲೇ ಪ್ರತಿ ಮಾಡಿಸಿದ್ದರಿಂದ 1939ರಲ್ಲಿ ಧವಳದ ಮೊದಲ ಸಂಪುಟ ಅಚ್ಚಾಗಿ ಹೊರಬಂತು.

ಇಂದಿನ ಕಚೇರಿಗಳದ್ದೂ ಇದೇ ಕಥೆ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಸದಸ್ಯರ ಹೆಸರುಗಳು ಹೊಸ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದುಂಟು. ಅವನ್ನು ಯೂನಿಕೋಡಿಗೆ ಬದಲಾಯಿಸಬೇಕು, ಬದಲಾದ ಮೇಲೆ ಒಂದೊಂದು ಹೆಸರನ್ನೂ ಕಣ್ಣಾರೆ ನೋಡಬೇಕು. ಹಳೆಯ ತಂತ್ರಾಂಶ ಬಲ್ಲ ಗುಮಾಸ್ತರು ನಿವೃತ್ತರಾಗುವ ಮೊದಲೇ ಈ ಕೆಲಸ ಮುಗಿದರೆ ಒಳ್ಳೆಯದು.

ದಾಟಿಸುವುದು ಹೇಗೆ?

ಮೊದಲು ಪಟ್ಟಿ: ಯಾವ ಯಂತ್ರ, ಯಾವ ವರ್ಷದ್ದು, ಅದರಲ್ಲಿ ಏನೇನಿದೆ, ಗುಪ್ತಪದ ಯಾರ ಬಳಿ ಇದೆ. ನಂತರ ಪ್ರತಿ ತೆಗೆಯುವುದು. ಪ್ರತಿ ತೆಗೆದರೆ ಸಾಲದು, ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆಯದ ಪ್ರತಿಯನ್ನು ನಂಬಿ ಕೂತವರು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರಾಗುತ್ತಾರೆ.

ಮಾರ್ಚ್ ಕೊನೆಯ ಗಡಿಬಿಡಿಯಲ್ಲಿ ಬದಲಾವಣೆಗೆ ಕೈಹಾಕಬಾರದು. 31ರ ಲೆಕ್ಕ ಮುಗಿದ ಮೇಲೆ ಹಳೆಯದರ ಆಖೈರು ಶಿಲ್ಕು ಹೊಸದರ ಆರಂಭದ ಶಿಲ್ಕಿಗೆ ಪೈಸೆ ಪೈಸೆ ತಾಳೆಯಾಗಬೇಕು. ಒಂದೆರಡು ತಿಂಗಳು ಎರಡನ್ನೂ ಜೊತೆಯಾಗಿ ನಡೆಸಿ, ಸರಿ ಎನಿಸಿದ ಮೇಲೆ ಹಳೆಯದನ್ನು ಬಿಡುವುದು ಜಾಣತನ. ಬಿಡಲಾಗದ ಹಳೆಯ ತಂತ್ರಾಂಶವಿದ್ದರೆ ಹೊಸ ಯಂತ್ರದೊಳಗೇ ಹಳೆಯದೊಂದು ಯಂತ್ರವಿರುವಂತೆ ನಡೆಸುವ ವರ್ಚುವಲ್ ವಿಧಾನವೂ ಇದೆ. ಅದನ್ನು ಇಂಟರ್‌ನೆಟ್ಟಿನಿಂದ ದೂರ ಇಡಬೇಕು, ಅಷ್ಟೆ.

ಇನ್ನು ಪ್ರತಿಯನ್ನು ಇಡುವ ಜಾಗ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎನ್ನುವುದು ತಜ್ಞರ ಸೂತ್ರ. 1974ರಲ್ಲಿ ನೇತ್ರಾವತಿಯ ನೆರೆ ಕಂಡ ಬಂಟ್ವಾಳ ಪೇಟೆಗೆ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಸುತ್ತಮುತ್ತ ಗುಡ್ಡ ಕುಸಿದುದನ್ನು ನೋಡಿದ ಬೆಳ್ತಂಗಡಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಲೌಡ್ ಬಂದರೆ ಸಾಕೇ?

ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶದಡಿ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನಿನಲ್ಲಿ ಒಪ್ಪಿಗೆ ನೀಡಿತು. ಇದರಲ್ಲಿ ಲೆಕ್ಕ ಇರುವುದು ದೂರದ ಕ್ಲೌಡ್ ಸರ್ವರುಗಳಲ್ಲಿ. ಮೇಜಿನಡಿಯ ಯಂತ್ರದ ಚಿಂತೆ ಇದರಿಂದ ಇಳಿಯುತ್ತದೆ. ಹಾಗೆಂದು ಹೊಣೆ ಇಳಿಯುವುದಿಲ್ಲ. 2024ರ ಜುಲೈ ಕೊನೆಗೆ, ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ನಡೆದ ರ‍್ಯಾನ್ಸಮ್‌ವೇರ್ ದಾಳಿಯಿಂದ ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರು ಯುಪಿಐ ಬಳಸಲಾಗದೆ ಪರದಾಡಿದರು. ಮಳೆಗಾಲದಲ್ಲಿ ಮರ ಬಿದ್ದು ಇಂಟರ್‌ನೆಟ್ ತಂತಿ ಕಡಿದರೂ ಕೌಂಟರ್ ನಿಲ್ಲುತ್ತದೆ. ಎರಡನೆಯ ಸಂಪರ್ಕ, ಸ್ವಂತ ಪ್ರತಿ ಎರಡೂ ಬೇಕು.

ಕಲಿಯುವವರಿಗೆ ಅವಕಾಶ

ಮೂಡುಬಿದಿರೆ, ಉಜಿರೆ, ಬಂಟ್ವಾಳ ತಾಲೂಕಿನ ಬೆಂಜನಪದವುಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಕಲಿತವರ ಕಣ್ಣು ಸಹಜವಾಗಿ ಬೆಂಗಳೂರಿನ ಕಡೆ. ಆದರೆ ಊರಿನ ಸಂಘ, ಶಾಲೆ, ಆಸ್ಪತ್ರೆ, ಅಂಗಡಿಗಳಿಗೂ ಈ ಕೆಲಸ ಬಲ್ಲವರು ಬೇಕು. ಇದಕ್ಕೆ ಪದವಿಯೇ ಬೇಕೆಂದಿಲ್ಲ, ಡಿಪ್ಲೊಮಾ ಓದಿದವರೂ ಲಿನಕ್ಸ್, ನೆಟ್‌ವರ್ಕ್, ಡೇಟಾಬೇಸ್ ಈ ಮೂರನ್ನು ಕೈಯಾರೆ ಮಾಡಿ ಕಲಿಯಬಹುದು. ಅಭ್ಯಾಸಕ್ಕೆ ಹಳೆಯದೊಂದು ಕಂಪ್ಯೂಟರ್ ಸಾಕು, ಲಿನಕ್ಸ್ ಉಚಿತವಾಗಿಯೇ ದೊರೆಯುತ್ತದೆ. ವಾಣಿಜ್ಯ ಓದಿದವರಿಗೆ ಒಂದು ಅನುಕೂಲ ಹೆಚ್ಚು. ಜಮೆ-ಖರ್ಚು ತಿಳಿದವರು ಮಾತ್ರ ದಾಟಿದ ಲೆಕ್ಕ ಸರಿಯೇ ತಪ್ಪೇ ಎಂದು ಹೇಳಬಲ್ಲರು.

ಮಕ್ಕಳು ಹಳೆಯ ಕಂಪ್ಯೂಟರನ್ನು ಬಿಚ್ಚಿ ಕೂತರೆ ಹೆತ್ತವರು ಗದರಬೇಕಾಗಿಲ್ಲ. ನಾಳೆ ಸಂಘದ ಬೆಂಚಿನ ಮೇಲೆ ಕಾಯುವವರ ಹೊತ್ತನ್ನು ಉಳಿಸುವವರು ಅವರೇ ಆಗಬಹುದು.