ನಿಮಗಿದು ಗೊತ್ತೆ? ನಿಲ್ಲಿಸುವುದಕ್ಕೂ ಕ್ರಮವುಂಟು

ಸುರಪುರ ಸೀಮೆಯ ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರದಿಂದ ಹೊರಟು ಶಹಾಪುರದ ಕಡೆಗೆ ನೀರನ್ನೊಯ್ಯುವ, 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ನವೀಕೃತರೂಪದಲ್ಲಿ ಉದ್ಘಾಟಿತವಾದ, 10,000 ಕ್ಯೂಸೆಕ್ ಸಾಮರ್ಥ್ಯದ ಎಡದಂಡೆ ಕಾಲುವೆಯ ಗೇಟುಗಳನ್ನು ಸ್ಕಾಡಾ ಎಂಬ ಗಣಕವ್ಯವಸ್ಥೆಯಿಂದ ದೂರದಲ್ಲಿದ್ದೇ ಏರಿಳಿಸಬಹುದೆಂಬುದನ್ನು ಹಲವರು ಬಲ್ಲರು. ಯಂತ್ರಕ್ಕೆ ಚಲನೆಗಿಂತ ನಿಲುಗಡೆಯೇ ಕಠಿನವಾದ ವಿದ್ಯೆಯೆಂಬುದನ್ನು ಅರಿತವರು ವಿರಳ. ಐಇಸಿ 60204-1 ಎಂಬ ಅಂತರರಾಷ್ಟ್ರೀಯ ಮಾನಕವು ನಿಲುಗಡೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದೆ: ತತ್‌ಕ್ಷಣವೇ ವಿದ್ಯುತ್ತನ್ನು ಕಡಿಯುವುದು ‘ಶೂನ್ಯ’, ಮೋಟಾರನ್ನು ಹಿಡಿತದಲ್ಲಿ ನಿಲ್ಲಿಸಿ ಬಳಿಕ ಕಡಿಯುವುದು ‘ಒಂದು’, ನಿಂತ ಮೇಲೂ ವಿದ್ಯುತ್ತನ್ನು ಉಳಿಸುವುದು ‘ಎರಡು’. ತುರ್ತು ನಿಲುಗಡೆಗೆ ಈ ಕಡೆಯದು ಸಲ್ಲದು. ಕಾಲುವೆಗಾದರೋ ಯಂತ್ರ ನಿಂತರಷ್ಟೇ ಸಾಲದು. ನೀರನ್ನು ಏಕಾಏಕಿ ತಗ್ಗಿಸಿದಲ್ಲಿ ಹಿಂಬದಿಯ ಒದ್ದೆ ಮಣ್ಣಿನ ಒತ್ತಡಕ್ಕೆ ಕಾಂಕ್ರೀಟಿನ ಹೊದಿಕೆ ಬಿರಿಯಬಹುದಾದುದರಿಂದ ಗೇಟನ್ನು ಹಂತಹಂತವಾಗಿಯೇ ಇಳಿಸತಕ್ಕದ್ದು.